ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಕಂಪ್ಯೂಟರ್ ಬೂಟ್ ಆಗದಿದ್ದರೆ ಏನು ಮಾಡಬೇಕು?

ಹಳೆಯ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿ ಬಟನ್ ಒತ್ತಿದಾಗ ಪರದೆ ಕಪ್ಪಾಗಿಯೇ ಉಳಿಯುವುದು ಅನೇಕರಿಗೆ ಆಗಿರುವ ಅನುಭವ. ಈ ವರ್ಷ ನಮ್ಮ ಕಾಲೇಜಿನಲ್ಲೇ ಮೂರ್ನಾಲ್ಕು ಗೆಳೆಯರು ಇದರ ಬಗ್ಗೆ ನನ್ನನ್ನು ಕೇಳಿದ್ದಾರೆ. ಒಬ್ಬನಿಗೆ ಗೇಮ್ ಆಡಲು ಕಾರ್ಡ್ ಬೇಕಿತ್ತು, ಇನ್ನೊಬ್ಬನ ಮನೆಯಲ್ಲಿ ಫ್ಲೆಕ್ಸ್ ಡಿಸೈನ್ ಕೆಲಸ ನಡೆಯುತ್ತದೆ. ಇಂಥ ಸಮಯದಲ್ಲಿ ಎಲ್ಲರ ಬಾಯಿಂದ ಮೊದಲು ಬರುವ ಮಾತು "ಕಾರ್ಡ್ ಸುಟ್ಟಿದೆ" ಅಥವಾ "ಬೋರ್ಡ್ ಹೋಗಿದೆ". ಆದರೆ ಎಷ್ಟೋ ಸಲ ಎರಡೂ ಚೆನ್ನಾಗಿಯೇ ಇರುತ್ತವೆ. ಅದನ್ನು ಮನೆಯಲ್ಲೇ, ಒಂದು ಸ್ಕ್ರೂಡ್ರೈವರ್ ಮತ್ತು ಸ್ವಲ್ಪ ತಾಳ್ಮೆ ಇಟ್ಟುಕೊಂಡು ಹೇಗೆ ಕಂಡುಹಿಡಿಯಬಹುದು ಎಂದು ಈ ಲೇಖನದಲ್ಲಿ ಬರೆಯುತ್ತಿದ್ದೇನೆ.

ನಾನು ಕಾಮರ್ಸ್ ವಿದ್ಯಾರ್ಥಿ, ಎಲೆಕ್ಟ್ರಾನಿಕ್ಸ್ ಓದಿದವನಲ್ಲ. ಆದರೆ ಈ ಕೆಲಸಕ್ಕೆ ಬೇಕಾದ ಬುದ್ಧಿಯನ್ನು ನಮಗೆ ಅಕೌಂಟೆನ್ಸಿ ಕ್ಲಾಸಿನಲ್ಲೇ ಕಲಿಸುತ್ತಾರೆ. ಟ್ರಯಲ್ ಬ್ಯಾಲೆನ್ಸ್‌ನ ಎರಡು ಕಡೆ ತಾಳೆಯಾಗದಿದ್ದರೆ ನಾವು ಇಡೀ ಪುಸ್ತಕವನ್ನು ಹರಿದು ಹಾಕುವುದಿಲ್ಲ. ನಿನ್ನೆ ತಾಳೆಯಾಗಿತ್ತು, ಇಂದು ಆಗುತ್ತಿಲ್ಲ ಎಂದರೆ ನಡುವೆ ಬರೆದ ಎಂಟ್ರಿಗಳನ್ನು ಒಂದೊಂದಾಗಿ ನೋಡುತ್ತೇವೆ. ಇಲ್ಲೂ ಹಾಗೆಯೇ. ಬೆಳಿಗ್ಗೆ ಓಡುತ್ತಿದ್ದ ಕಂಪ್ಯೂಟರ್ ಮಧ್ಯಾಹ್ನ ನಿಂತಿದ್ದರೆ, ನಡುವೆ ಬದಲಾದದ್ದು ಏನೋ ಅಲ್ಲಿಂದ ಹುಡುಕಲು ಶುರು ಮಾಡಬೇಕು.

ಬಟನ್ ಒತ್ತಿದ ಮೇಲೆ ಒಳಗೆ ನಡೆಯುವುದು

ನಮ್ಮ ಊರಲ್ಲಿ ಇಡೀ ಪೆಟ್ಟಿಗೆಯನ್ನೇ ಸಿಪಿಯು ಎನ್ನುತ್ತಾರೆ. ನಿಜವಾಗಿ ಸಿಪಿಯು ಎಂದರೆ ಒಳಗಿರುವ ಪ್ರೊಸೆಸರ್ ಮಾತ್ರ, ಪೆಟ್ಟಿಗೆ ಕ್ಯಾಬಿನೆಟ್. ಕ್ಯಾಬಿನೆಟ್ಟಿನ ಮೂಲೆಯಲ್ಲಿ, ಗೋಡೆಯ ಕರೆಂಟ್ ವೈರ್ ಬಂದು ಸೇರುವ ಲೋಹದ ಡಬ್ಬಿಯೇ ಎಸ್‌ಎಂಪಿಎಸ್. ಅದು 230 ವೋಲ್ಟ್ ಕರೆಂಟನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಎಲ್ಲ ಭಾಗಗಳಿಗೂ ಹಂಚುತ್ತದೆ.

ಬಟನ್ ಒತ್ತಿದ ತಕ್ಷಣ ಎಸ್‌ಎಂಪಿಎಸ್ ತನ್ನ ವೋಲ್ಟೇಜ್ ಸರಿಯಾಗಿದೆಯೇ ಎಂದು ನೋಡಿಕೊಂಡು, ಅರ್ಧ ಸೆಕೆಂಡಿನೊಳಗೆ ಮದರ್‌ಬೋರ್ಡಿಗೆ "ಎಲ್ಲ ಸರಿ" ಎಂಬ ಸಿಗ್ನಲ್ ಕಳಿಸುತ್ತದೆ. ಆಮೇಲೆ ಪ್ರೊಸೆಸರ್ ಎಚ್ಚರವಾಗುತ್ತದೆ. ಅದು ರ‍್ಯಾಮ್ ಪರೀಕ್ಷಿಸಿ, ಗ್ರಾಫಿಕ್ಸ್ ಕಾರ್ಡನ್ನು ಹುಡುಕಿ, ಪರದೆಯ ಮೇಲೆ ಕಂಪನಿಯ ಲೋಗೋ ತೋರಿಸುತ್ತದೆ. ಕೊನೆಗೆ ಡಿಸ್ಕಿನಿಂದ ವಿಂಡೋಸ್ ತೆರೆಯುತ್ತದೆ.

ಈ ಸಾಲಿನಲ್ಲಿ ಕಂಪ್ಯೂಟರ್ ಎಲ್ಲಿ ನಿಂತಿತು ಎಂಬುದನ್ನು ಗಮನಿಸಿದರೆ ಅರ್ಧ ಉತ್ತರ ಸಿಕ್ಕಂತೆ. ಫ್ಯಾನ್ ತಿರುಗಲೇ ಇಲ್ಲ ಅಥವಾ ಒಂದು ಸೆಕೆಂಡ್ ತಿರುಗಿ ಆಫ್ ಆಯಿತು ಎಂದರೆ ಕರೆಂಟಿನ ಕಡೆ ನೋಡಿ. ಫ್ಯಾನ್ ತಿರುಗುತ್ತಲೇ ಇದೆ, ಚಿತ್ರ ಮಾತ್ರ ಇಲ್ಲ ಎಂದರೆ ಕಾರ್ಡ್ ಕೂತಿರುವ ರೀತಿ, ಮಾನಿಟರ್ ಕೇಬಲ್ ಅಥವಾ ಬಯಾಸ್ ಸೆಟ್ಟಿಂಗ್ ನೋಡಿ. ಲೋಗೋ ಬಂದು, ವಿಂಡೋಸ್ ತೆರೆಯುವಾಗ ಪರದೆ ಕಪ್ಪಾಯಿತು ಎಂದರೆ ಡ್ರೈವರ್ ಮೇಲೆ ಅನುಮಾನ ಪಡಬೇಕು.

ಕ್ಯಾಬಿನೆಟ್ ಬಿಚ್ಚುವ ಮೊದಲು

ಎಸ್‌ಎಂಪಿಎಸ್‌ನ ಹಿಂದಿನ ಸ್ವಿಚ್ ಆಫ್ ಮಾಡಿ, ವೈರನ್ನೂ ಕಿತ್ತಿಡಿ. ನಂತರ ಪವರ್ ಬಟನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದ ಕರೆಂಟ್ ಖಾಲಿಯಾಗುತ್ತದೆ. ಕಾರ್ಡ್ ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಹೋಗುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ವೈರ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಪ್ರಾಣಕ್ಕೆ ಅಪಾಯವಾಗುವಷ್ಟು ಕರೆಂಟ್ ಉಳಿದಿರಬಹುದು.

ಇನ್ನೊಂದು ಮುಖ್ಯ ಮಾತು. ಕಂಪ್ಯೂಟರ್ ಬೂಟ್ ಆಗುತ್ತಿಲ್ಲ ಎಂದರೆ ಅದರಲ್ಲಿರುವ ಫೋಟೋ, ಟ್ಯಾಲಿ ಡೇಟಾ, ನೋಟ್ಸ್ ಹೋದವು ಎಂದು ಅರ್ಥವಲ್ಲ. ಅವು ಡಿಸ್ಕಿನಲ್ಲಿವೆ, ಗ್ರಾಫಿಕ್ಸ್ ಕಾರ್ಡಿಗೂ ಅವಕ್ಕೂ ಸಂಬಂಧವಿಲ್ಲ. ಯಾರಾದರೂ "ಫಾರ್ಮ್ಯಾಟ್ ಮಾಡಿ ನೋಡೋಣ" ಎಂದರೆ ಒಪ್ಪಬೇಡಿ. ಪರದೆಯ ಮೇಲೆ ಲೋಗೋ ಕೂಡ ಬಾರದ ಕಂಪ್ಯೂಟರಿಗೆ ಫಾರ್ಮ್ಯಾಟ್ ಮದ್ದೇ ಅಲ್ಲ.

ಮೊದಲ ಪರೀಕ್ಷೆ: ಹಳೆಯ ಸ್ಥಿತಿಗೆ ತನ್ನಿ

ಹೊಸ ಕಾರ್ಡನ್ನು ತೆಗೆದು ಹಳೆಯ ಕಾರ್ಡನ್ನು ಹಾಕಿ. ಹಳೆಯ ಕಾರ್ಡ್ ಇರದಿದ್ದರೆ ಮಾನಿಟರ್ ಕೇಬಲನ್ನು ಮದರ್‌ಬೋರ್ಡಿನ ಎಚ್‌ಡಿಎಂಐ ಅಥವಾ ವಿಜಿಎ ಪೋರ್ಟಿಗೆ ಹಾಕಿ ಆನ್ ಮಾಡಿ. ಆದರೆ ಎಲ್ಲ ಪ್ರೊಸೆಸರ್‌ಗಳಲ್ಲೂ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಅಕ್ಷರ ಇದ್ದರೆ, ಉದಾಹರಣೆಗೆ ಐ5 12400ಎಫ್, ಬೋರ್ಡಿನ ಪೋರ್ಟಿನಿಂದ ಚಿತ್ರ ಬರುವುದಿಲ್ಲ. ರೈಜೆನ್ 5 5600ಎಕ್ಸ್‌ನಲ್ಲೂ ಬರುವುದಿಲ್ಲ. ಅಂಥವರು ಯಾರದಾದರೂ ಹಳೆಯ ಕಾರ್ಡನ್ನು ಒಂದು ಗಂಟೆಗೆ ಕೇಳಿ ತರಬೇಕಾಗುತ್ತದೆ.

ಈ ಪರೀಕ್ಷೆಯಲ್ಲಿ ಕಂಪ್ಯೂಟರ್ ಮೊದಲಿನಂತೆ ತೆರೆದುಕೊಂಡರೆ ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಎಲ್ಲವೂ ಸರಿಯಿವೆ ಎಂದು ಧೈರ್ಯವಾಗಿ ಹೇಳಬಹುದು. ಅನುಮಾನದ ಪಟ್ಟಿ ಒಂದೇ ಏಟಿಗೆ ಅರ್ಧಕ್ಕಿಂತ ಚಿಕ್ಕದಾಗುತ್ತದೆ. ತೆರೆಯದಿದ್ದರೆ, ಕಾರ್ಡ್ ಹಾಕುವಾಗ ಕೈ ತಗುಲಿ ರ‍್ಯಾಮ್ ಅಥವಾ ಯಾವುದಾದರೂ ಪವರ್ ಕೇಬಲ್ ಸಡಿಲವಾಗಿದೆಯೇ ನೋಡಿ. ರ‍್ಯಾಮನ್ನು ತೆಗೆದು ಮತ್ತೆ ಒತ್ತಿ ಕೂರಿಸಿ. ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜುವುದನ್ನು ನೀವು ಅಂಗಡಿಗಳಲ್ಲಿ ನೋಡಿರುತ್ತೀರಿ. ಉಜ್ಜಿದರೆ ರಬ್ಬರಿನ ಪುಡಿಯನ್ನು ಪೂರ್ತಿ ಒರೆಸಿಯೇ ಹಾಕಬೇಕು.

ನಮ್ಮ ಮನೆಯಲ್ಲಿ ನಡೆದದ್ದು

ನಮ್ಮ ಭಾಯಿಜಾನ್ ಮದುವೆಗಳ ವಿಡಿಯೋ ಮಾಡುತ್ತಾರೆ. ರಂಜಾನ್ ಶುರುವಾಗುವ ಮೊದಲು ಮದುವೆಗಳು ಒಂದರ ಮೇಲೊಂದು ಇರುತ್ತವೆ. ಎಡಿಟಿಂಗ್ ಬೇಗ ಆಗಲಿ ಎಂದು ಅವರು ಸೆಕೆಂಡ್ ಹ್ಯಾಂಡ್‌ನಲ್ಲಿ ಜಿಟಿಎಕ್ಸ್ 1660 ಸೂಪರ್ ಕಾರ್ಡ್ ತಂದರು. ಮೊದಲಿದ್ದದ್ದು ಜಿಟಿ 710 ಎಂಬ ಚಿಕ್ಕ ಕಾರ್ಡ್. ಹೊಸದನ್ನು ಹಾಕಿ ಬಟನ್ ಒತ್ತಿದರೆ ಫ್ಯಾನ್ ಒಂದು ಸೆಕೆಂಡ್ ತಿರುಗಿ ನಿಂತಿತು. ಮತ್ತೆ ತಾನಾಗಿಯೇ ತಿರುಗಿ ಮತ್ತೆ ನಿಂತಿತು.

ಅಂದು ಬುಧವಾರ. ಒಂದು ನಿಕಾಹ್ ಮತ್ತು ವಲೀಮಾದ ಪೂರ್ತಿ ವಿಡಿಯೋ ಆ ಡಿಸ್ಕಿನಲ್ಲಿ ಮಾತ್ರ ಇತ್ತು. ಕ್ಯಾಮೆರಾದ ಮೆಮೊರಿ ಕಾರ್ಡುಗಳನ್ನು ಮುಂದಿನ ಮದುವೆಗೆಂದು ಖಾಲಿ ಮಾಡಿಯಾಗಿತ್ತು. ಮದುಮಗಳು ಭಾನುವಾರ ಗಂಡನ ಜೊತೆ ದಮ್ಮಾಮಿಗೆ ಹೊರಡುವವಳಿದ್ದಳು, ಅಷ್ಟರೊಳಗೆ ಪೆನ್‌ಡ್ರೈವ್ ಕೊಡುತ್ತೇನೆಂದು ಭಾಯಿಜಾನ್ ಮಾತು ಕೊಟ್ಟು ಅಡ್ವಾನ್ಸ್ ಕೂಡ ತೆಗೆದುಕೊಂಡಿದ್ದರು. ರಿಪೇರಿ ಅಂಗಡಿಗೆ ಒಯ್ದಾಗ ಅಲ್ಲಿಯವರು ಎರಡು ಸಲ ಬಟನ್ ಒತ್ತಿ ನೋಡಿ, "ಬೋರ್ಡ್ ಹೋಗಿದೆ ಭಾಯ್. ಈ ಮಾಡೆಲ್ ಈಗ ಬರಲ್ಲ. ಹುಡುಕಿ ತರಿಸ್ಬೇಕು, ಏಳೂವರೆ ಸಾವಿರ ಆಗುತ್ತೆ, ಒಂದು ವಾರ ಬೇಕು" ಎಂದರಂತೆ. ಭಾಯಿಜಾನ್ ಪೆಟ್ಟಿಗೆಯನ್ನು ವಾಪಸ್ ಹೊತ್ತುಕೊಂಡು ಬಂದು ಊಟವನ್ನೂ ಮಾಡದೆ ಕುಳಿತರು.

ಆ ರಾತ್ರಿ ನಾವಿಬ್ಬರೂ ಮೇಲೆ ಹೇಳಿದ ಮೊದಲ ಪರೀಕ್ಷೆ ಮಾಡಿದೆವು. ಹೊಸ ಕಾರ್ಡ್ ತೆಗೆದು ಜಿಟಿ 710 ಹಾಕಿದ ಕೂಡಲೇ ವಿಂಡೋಸ್ ತೆರೆಯಿತು. ಅಂದರೆ ಬೋರ್ಡ್ ಹೋಗಿರಲಿಲ್ಲ. ಬೇರೇನೂ ಮಾಡದೆ ಮೊದಲು ಮದುವೆಯ ಫೈಲುಗಳನ್ನೆಲ್ಲ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿಕೊಂಡೆವು. ಮರುದಿನ ಹೊಸ ಕಾರ್ಡನ್ನು ಮಾಮು ಅವರ ಆಫೀಸಿನ ಕಂಪ್ಯೂಟರಿಗೆ ಹಾಕಿ ನೋಡಿದೆವು, ಅಲ್ಲಿ ಅದು ಚೆನ್ನಾಗಿ ನಡೆಯಿತು. ಬೋರ್ಡ್ ಸರಿ, ಕಾರ್ಡೂ ಸರಿ. ಇವೆರಡಕ್ಕೂ ಕರೆಂಟ್ ಕೊಡುವ ಎಸ್‌ಎಂಪಿಎಸ್ ಒಂದೇ ಪಟ್ಟಿಯಲ್ಲಿ ಉಳಿಯಿತು.

450 ಎಂದು ಬರೆದ ಡಬ್ಬಿಯಲ್ಲಿ 192

ಗ್ರಾಫಿಕ್ಸ್ ಕಾರ್ಡಿಗೆ ಕರೆಂಟ್ ಎರಡು ದಾರಿಯಲ್ಲಿ ಬರುತ್ತದೆ. ಅದು ಕೂರುವ ಉದ್ದನೆಯ ಸ್ಲಾಟ್ ಹೆಚ್ಚೆಂದರೆ 75 ವಾಟ್ ಕೊಡುತ್ತದೆ. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿನ ಮೇಲೆ ಪ್ರತ್ಯೇಕ ಪವರ್ ಸಾಕೆಟ್ ಇರುತ್ತದೆ. 6 ಪಿನ್‌ನದು 75 ವಾಟ್ ಕೊಡುತ್ತದೆ, 8 ಪಿನ್‌ನದು 150 ವಾಟ್. ಜಿಟಿ 710 ಕೇವಲ 19 ವಾಟಿನ ಕಾರ್ಡ್, ಸ್ಲಾಟಿನ ಕರೆಂಟೇ ಅದಕ್ಕೆ ಸಾಕು. 1660 ಸೂಪರ್ 125 ವಾಟಿನದು, 8 ಪಿನ್ ಬೇಕೇ ಬೇಕು. ಹೊಸ ಕಾರ್ಡ್ ಹಾಕಿದವರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ: ಸಾಕೆಟ್ ಇದೆಯೇ, ಅದಕ್ಕೆ ಕೇಬಲ್ ಪೂರ್ತಿ ಕೂತಿದೆಯೇ?

1660 ಸೂಪರ್‌ಗೆ ತಯಾರಕರು ಹೇಳುವುದು 450 ವಾಟ್ ಎಸ್‌ಎಂಪಿಎಸ್. ನಮ್ಮ ಡಬ್ಬಿಯ ಮೇಲೂ ದೊಡ್ಡದಾಗಿ 450 ಎಂದೇ ಬರೆದಿತ್ತು. ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಆದರೆ ಬದಿಯ ಲೇಬಲಿನಲ್ಲಿ ಚಿಕ್ಕ ಅಕ್ಷರದ ಒಂದು ಕೋಷ್ಟಕ ಇರುತ್ತದೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ತಮ್ಮ ಕರೆಂಟನ್ನು ಮುಖ್ಯವಾಗಿ 12 ವೋಲ್ಟ್ ಸಾಲಿನಿಂದ ತೆಗೆದುಕೊಳ್ಳುತ್ತವೆ. ನಮ್ಮ ಕೋಷ್ಟಕದಲ್ಲಿ 12 ವೋಲ್ಟಿನ ಎದುರು 16 ಆಂಪಿಯರ್ ಎಂದಿತ್ತು. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವಾಟ್ ಸಿಗುತ್ತದೆ. 12 ಗುಣಿಸು 16 ಎಂದರೆ 192 ವಾಟ್.

ಈಗ ಖರ್ಚಿನ ಕಡೆ ಬರೆಯೋಣ. ನಮ್ಮ ಐ5 9400 ಪ್ರೊಸೆಸರ್ 65 ವಾಟ್, ಕಾರ್ಡ್ 125 ವಾಟ್, ಬೋರ್ಡ್, ಡಿಸ್ಕ್, ಫ್ಯಾನ್‌ಗಳಿಗೆ ಅಂದಾಜು 40 ವಾಟ್. ಒಟ್ಟು 230. ಬರುವುದು 192, ಹೋಗುವುದು 230. ಅದರ ಮೇಲೆ ಆನ್ ಮಾಡಿದ ಕ್ಷಣದಲ್ಲಿ ಡಿಸ್ಕಿನ ಮೋಟಾರ್, ಫ್ಯಾನ್‌ಗಳು, ಕಾರ್ಡಿನ ಕೆಪಾಸಿಟರ್‌ಗಳು ಎಲ್ಲ ಒಟ್ಟಿಗೆ ಕರೆಂಟ್ ಎಳೆಯುತ್ತವೆ. ಕ್ಯಾಬಿನೆಟ್ ಜೊತೆಗೆ ಬಂದ ಆ ಎಸ್‌ಎಂಪಿಎಸ್ ಹಲವು ವರ್ಷ ದುಡಿದು ದಣಿದಿತ್ತು. ಅದು ಹೊರೆ ತಡೆಯಲಾರದೆ ತನ್ನನ್ನು ತಾನು ಆಫ್ ಮಾಡಿಕೊಳ್ಳುತ್ತಿತ್ತು.

ಅದರಲ್ಲಿ 8 ಪಿನ್ ಗ್ರಾಫಿಕ್ಸ್ ಕೇಬಲ್ ಕೂಡ ಇರಲಿಲ್ಲ. ಕಾರ್ಡ್ ಮಾರಿದವರು ಒಂದು ಕನ್ವರ್ಟರ್ ವೈರ್ ಕೊಟ್ಟಿದ್ದರು. ಎಸ್‌ಎಂಪಿಎಸ್‌ನಲ್ಲಿ ಆ ಕೇಬಲೇ ಇಲ್ಲ ಎಂದರೆ ಅದನ್ನು ಅಂಥ ಕಾರ್ಡಿಗಾಗಿ ಮಾಡಿಲ್ಲ ಎಂದೇ ತಿಳಿಯಬೇಕು. ಅದರಲ್ಲೂ ಸಾಟಾ ಕನೆಕ್ಟರಿನಿಂದ 8 ಪಿನ್ ಮಾಡುವ ವೈರ್ ಅಪಾಯಕಾರಿ. ಒಂದು ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ 54 ವಾಟಿಗಷ್ಟೇ ತಯಾರಾದದ್ದು. ಅದರಿಂದ 150 ವಾಟ್ ಎಳೆದರೆ ವೈರ್ ಕರಗಿ ಬೆಂಕಿ ಹತ್ತಬಹುದು.

ನಾವು ಒಳ್ಳೆಯ ಬ್ರ್ಯಾಂಡಿನ 550 ವಾಟ್ ಎಸ್‌ಎಂಪಿಎಸ್ ತಂದೆವು, 3,900 ರೂಪಾಯಿ ಆಯಿತು. ಅದರ ಲೇಬಲಿನಲ್ಲಿ 12 ವೋಲ್ಟಿಗೆ 45 ಆಂಪಿಯರ್, ಅಂದರೆ 540 ವಾಟ್. ಶುಕ್ರವಾರ ಸಂಜೆ ಅದನ್ನು ಕೂರಿಸಿ ಬಟನ್ ಒತ್ತಿದಾಗ ಹೊಸ ಕಾರ್ಡಿನಿಂದಲೇ ಚಿತ್ರ ಬಂತು. ಶನಿವಾರ ರಾತ್ರಿ ಭಾಯಿಜಾನ್ ಪೆನ್‌ಡ್ರೈವನ್ನು ಮದುಮಗಳ ಮನೆಗೆ ತಲುಪಿಸಿದರು. ಇಲ್ಲಿ ಒಂದು ಲೆಕ್ಕ ಗಮನಿಸಿ. 7,500 ಕೊಟ್ಟು ಹೊಸ ಬೋರ್ಡ್ ಹಾಕಿಸಿದ್ದರೂ ಹಳೆಯ ಎಸ್‌ಎಂಪಿಎಸ್ ಹಾಗೆಯೇ ಆಫ್ ಆಗುತ್ತಿತ್ತು. ಕೊನೆಗೆ 3,900 ಕೂಡ ಸೇರಿ 11,400 ಹೋಗುತ್ತಿತ್ತು, ಕೊಟ್ಟ ಮಾತೂ ಹೋಗುತ್ತಿತ್ತು.

ಎಸ್‌ಎಂಪಿಎಸ್ ವಿಷಯದಲ್ಲಿ ಇನ್ನೂ ಮೂರು ಎಚ್ಚರಿಕೆಗಳಿವೆ. ಪ್ರೊಸೆಸರಿನ 8 ಪಿನ್ ಕೇಬಲ್ ಮತ್ತು ಗ್ರಾಫಿಕ್ಸ್‌ನ 8 ಪಿನ್ ಕೇಬಲ್ ನೋಡಲು ಒಂದೇ ತರಹ ಇದ್ದರೂ ಬೇರೆ ಬೇರೆ. ಮೊದಲನೆಯದು ಸಾಮಾನ್ಯವಾಗಿ 4 ಮತ್ತು 4 ಆಗಿ, ಎರಡನೆಯದು 6 ಮತ್ತು 2 ಆಗಿ ಬಿಡಿಸಿಕೊಳ್ಳುತ್ತದೆ. ಬಲ ಹಾಕಿ ತುರುಕಬೇಡಿ. ಕೇಬಲ್ ಕಳಚಿ ತೆಗೆಯಬಹುದಾದ ಎಸ್‌ಎಂಪಿಎಸ್ ಆದರೆ ಒಂದರ ಕೇಬಲನ್ನು ಇನ್ನೊಂದಕ್ಕೆ ಹಾಕಬೇಡಿ, ಪಿನ್‌ಗಳ ಕ್ರಮ ಬೇರೆ ಇದ್ದರೆ ಡಿಸ್ಕ್ ಸುಟ್ಟುಹೋಗಬಹುದು. ಮೂರನೆಯದು ಯುಪಿಎಸ್. ಮನೆಗಳಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವಾಟಿನದು. ಮಾನಿಟರ್ ಕೂಡ ಅದಕ್ಕೇ ಸೇರಿದ್ದರೆ ದೊಡ್ಡ ಕಾರ್ಡ್ ಹಾಕಿದ ಮೇಲೆ ಅದು ಕೂಗಿಕೊಂಡು ಆಫ್ ಆಗಬಹುದು. ಒಮ್ಮೆ ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿ ಪರೀಕ್ಷಿಸಿ.

ಫ್ಯಾನ್ ತಿರುಗುತ್ತದೆ, ಚಿತ್ರ ಬರುವುದಿಲ್ಲ

ಮೊದಲು ಮಾನಿಟರ್ ಕೇಬಲ್ ಎಲ್ಲಿದೆ ನೋಡಿ. ಕಾರ್ಡ್ ಹಾಕಿದ ಮೇಲೆ ಕೇಬಲನ್ನು ಕಾರ್ಡಿನ ಪೋರ್ಟಿಗೇ ಹಾಕಬೇಕು, ಬೋರ್ಡಿನ ಪೋರ್ಟಿಗಲ್ಲ. ಮಾನಿಟರ್ ಮೆನುವಿನಲ್ಲಿ ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಇವುಗಳಲ್ಲಿ ಸರಿಯಾದದ್ದು ಆಯ್ಕೆಯಾಗಿದೆಯೇ ನೋಡಿ.

ಆಮೇಲೆ ಕಾರ್ಡನ್ನು ತೆಗೆದು ಮತ್ತೆ ಕೂರಿಸಿ. ಸ್ಲಾಟಿನ ತುದಿಯ ಕ್ಲಿಪ್ "ಟಕ್" ಎನ್ನಬೇಕು. ಭಾರದ ಕಾರ್ಡ್ ಸ್ಕ್ರೂ ಬಿಗಿಯದಿದ್ದರೆ ಜೋತುಬಿದ್ದು ಪಿನ್‌ಗಳು ತಾಗದೆ ಹೋಗಬಹುದು.

ಬೋರ್ಡಿನ ಮಾತನ್ನೂ ಕೇಳಿ. ಸ್ಪೀಕರ್ ಇರುವ ಬೋರ್ಡುಗಳು ಬೀಪ್ ಶಬ್ದದಲ್ಲಿ ತೊಂದರೆ ಹೇಳುತ್ತವೆ. ಹಳೆಯ ಅವಾರ್ಡ್ ಬಯಾಸ್‌ನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಎಂದರೆ ಗ್ರಾಫಿಕ್ಸ್ ತೊಂದರೆ. ಬೇರೆ ಬೋರ್ಡಿಗೆ ಬೇರೆ ಅರ್ಥ ಇರುವುದರಿಂದ ಮ್ಯಾನ್ಯುವಲ್ ನೋಡಿ. ಹೊಸ ಬೋರ್ಡುಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಪುಟ್ಟ ದೀಪಗಳಿರುತ್ತವೆ. ಯಾವುದರ ಹತ್ತಿರದ ದೀಪ ಆರದೆ ಉಳಿಯಿತೋ ಅಲ್ಲಿ ಕೆಲಸ ನಿಂತಿದೆ ಎಂದರ್ಥ.

ಇಷ್ಟಾದರೂ ಬಾರದಿದ್ದರೆ ಬಯಾಸ್ ನೋಡಬೇಕು. ಹಳೆಯ ಕಾರ್ಡ್ ಅಥವಾ ಬೋರ್ಡಿನ ಪೋರ್ಟಿನಿಂದ ಆನ್ ಮಾಡಿ ಬಯಾಸ್ ತೆರೆಯಿರಿ. ಮೊದಲು ಯಾವ ಗ್ರಾಫಿಕ್ಸ್ ಬಳಸಬೇಕು ಎಂಬ ಆಯ್ಕೆಯಲ್ಲಿ ಬೋರ್ಡಿನ ಗ್ರಾಫಿಕ್ಸ್ ಎಂದಿದ್ದರೆ ಆಟೋ ಅಥವಾ ಪಿಸಿಐ ಎಕ್ಸ್‌ಪ್ರೆಸ್ ಮಾಡಿ. 2012ರಲ್ಲಿ ಬಂದ ವಿಂಡೋಸ್ 8 ಕಾಲದಿಂದ ಯುಇಎಫ್‌ಐ ಎಂಬ ಹೊಸ ಬಗೆಯ ಬಯಾಸ್ ಸಾಮಾನ್ಯವಾಯಿತು. ಅದಕ್ಕಿಂತ ಹಳೆಯ ಬೋರ್ಡಿನಲ್ಲಿ ಇಂದಿನ ಕಾರ್ಡ್ ಕೆಲವೊಮ್ಮೆ ಚಿತ್ರ ಕೊಡುವುದಿಲ್ಲ. ಬೋರ್ಡ್ ಕಂಪನಿ ಹೊಸ ಬಯಾಸ್ ಕೊಟ್ಟಿದ್ದರೆ ಅಪ್‌ಡೇಟ್ ಮಾಡಬಹುದು. ಆದರೆ ನಡುವೆ ಕರೆಂಟ್ ಹೋದರೆ ಬೋರ್ಡೇ ಕೆಡಬಹುದು, ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ.

ಬಯಾಸ್ ಸೆಟ್ಟಿಂಗುಗಳನ್ನು ಮೊದಲಿನಂತೆ ಮಾಡಲು ಬೋರ್ಡಿನ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು, ವೈರ್ ಕಿತ್ತ ಮೇಲೆ, ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಬಹುದು. ಆಮೇಲೆ ದಿನಾಂಕ, ಸಮಯ ಮತ್ತೆ ಸರಿಮಾಡಬೇಕು. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಚಾಲೂ ಇದ್ದರೆ ಬಯಾಸ್ ಬದಲಾದಾಗ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಮೊದಲೇ ಬರೆದಿಟ್ಟುಕೊಳ್ಳಿ.

ಲೋಗೋ ಬಂದು ಆಮೇಲೆ ಕಪ್ಪಾದರೆ

ಲೋಗೋ ಕಂಡಿತೆಂದರೆ ಕಾರ್ಡ್ ಚಿತ್ರ ಕೊಡುತ್ತಿದೆ. ಹಳೆಯ ಕಾರ್ಡಿನ ಡ್ರೈವರ್ ಹೊಸದಕ್ಕೆ ಅಡ್ಡ ಬರುತ್ತಿರಬಹುದು. ವಿಂಡೋಸ್ ತೆರೆಯುವಾಗ ಮೂರು ಸಲ ನಡುವೆಯೇ ಆಫ್ ಮಾಡಿದರೆ ಅದು ತಾನಾಗಿಯೇ ರಿಪೇರಿ ಪರದೆ ತೋರಿಸುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಒತ್ತಿ, ರಿಸ್ಟಾರ್ಟ್ ಆದ ಮೇಲೆ 4 ಒತ್ತಿದರೆ ಸೇಫ್ ಮೋಡ್. ಅಲ್ಲಿ ಹಳೆಯ ಗ್ರಾಫಿಕ್ಸ್ ಡ್ರೈವರ್ ತೆಗೆದು, ಮತ್ತೆ ಆನ್ ಮಾಡಿ, ಕಾರ್ಡ್ ಕಂಪನಿಯ ಹೊಸ ಡ್ರೈವರ್ ಹಾಕಿ. ಎಲ್ಲ ಸರಿಯಾಗಿ ತೆರೆದು, ಗೇಮ್ ಅಥವಾ ಎಡಿಟಿಂಗ್ ಶುರು ಮಾಡಿದಾಗ ಮಾತ್ರ ಪೂರ್ತಿ ಆಫ್ ಆದರೆ ಮತ್ತೆ ಎಸ್‌ಎಂಪಿಎಸ್ ಲೆಕ್ಕವನ್ನೇ ನೋಡಿ.

ಅಂಗಡಿಗೆ ಹೋಗಲೇಬೇಕಾದರೆ

ರಿಪೇರಿ ಮಾಡುವವರೆಲ್ಲ ಮೋಸ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ಅವರ ಮುಂದೆ ಹತ್ತು ಪೆಟ್ಟಿಗೆಗಳಿರುತ್ತವೆ, ನಮ್ಮದಕ್ಕೆ ಐದು ನಿಮಿಷ ಸಿಗುತ್ತದೆ. ಆದ್ದರಿಂದ ನಾವು ಮಾಡಿದ ಪರೀಕ್ಷೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು: ಹಳೆಯ ಕಾರ್ಡಿನಲ್ಲಿ ಬೂಟ್ ಆಯಿತೇ, ಹೊಸ ಕಾರ್ಡ್ ಬೇರೆ ಕಂಪ್ಯೂಟರಿನಲ್ಲಿ ನಡೆಯಿತೇ, ಎಸ್‌ಎಂಪಿಎಸ್‌ನ 12 ವೋಲ್ಟಿಗೆ ಎಷ್ಟು ಆಂಪಿಯರ್, ಯಾವ ದೀಪ ಅಥವಾ ಬೀಪ್ ಬಂತು. ಡೇಟಾ ಬೇಕು, ಫಾರ್ಮ್ಯಾಟ್ ಮಾಡಬೇಡಿ ಎಂದು ದೊಡ್ಡದಾಗಿ ಬರೆಯಿರಿ. ಬೋರ್ಡ್ ಹೋಗಿದೆ ಎಂದರೆ, "ಬೇರೆ ಎಸ್‌ಎಂಪಿಎಸ್ ಹಾಕಿ ಒಮ್ಮೆ ತೋರಿಸುತ್ತೀರಾ?" ಎಂದು ಮರ್ಯಾದೆಯಿಂದ ಕೇಳಿ.

ಇನ್ನೂ ಕಾರ್ಡ್ ಕೊಳ್ಳದವರು ಹಣ ಕೊಡುವ ಮೊದಲೇ ಈ ಲೆಕ್ಕ ಹಾಕಿಕೊಳ್ಳಿ. ಕಾರ್ಡಿನ ವಾಟ್, ಅದರ ಪಿನ್, ಕ್ಯಾಬಿನೆಟ್ಟಿನಲ್ಲಿ ಅದು ಹಿಡಿಸುವ ಉದ್ದ, ಈ ಮೂರನ್ನೂ ನೋಡಿ, ಎಸ್‌ಎಂಪಿಎಸ್ ಬದಲಿಸಬೇಕಾದರೆ ಅದರ ಬೆಲೆಯನ್ನೂ ಕಾರ್ಡಿನ ಬೆಲೆಗೆ ಸೇರಿಸಿಯೇ ಬಜೆಟ್ ಮಾಡಿ. 80 ಪ್ಲಸ್ ಎಂಬ ಗುರುತು ಕರೆಂಟ್ ಎಷ್ಟು ಕಡಿಮೆ ವ್ಯರ್ಥವಾಗುತ್ತದೆ ಎಂದು ಹೇಳುತ್ತದೆ. ಅದು ವಾಟ್ ಎಷ್ಟಿದೆ ಎಂದು ಹೇಳುವುದಿಲ್ಲ. ಎರಡನ್ನೂ ಬೇರೆಬೇರೆಯಾಗಿ ನೋಡಿ.

ಯಾರಿಗಾದರೂ ಲೆಕ್ಕ ತಿಳಿಯದಿದ್ದರೆ ಎಸ್‌ಎಂಪಿಎಸ್ ಲೇಬಲಿನ ಒಂದು ಸ್ಪಷ್ಟ ಫೋಟೋ ಮತ್ತು ಕಾರ್ಡಿನ ಹೆಸರು ತನ್ನಿ. ಮಧ್ಯಾಹ್ನದ ವಿರಾಮದಲ್ಲಿ ನಾನು ಕಾಮರ್ಸ್ ಬ್ಲಾಕಿನ ಮೆಟ್ಟಿಲ ಹತ್ತಿರ ಇರುತ್ತೇನೆ, ಕ್ಯಾಲ್ಕ್ಯುಲೇಟರ್ ನನ್ನ ಹತ್ತಿರ ಇದೆ.